5 ಕಿ.ಮೀ. ಹುಟ್ಟು ಹಾಕಿ, 60 ಅಂಕ ತಗೊಳ್ಳಿ: ಓಡಬಾರದ ಸೈನಿಕರಿಗೆ ಕಾನ್ಸೆಪ್ಟ್‌2 ರೋಯಿಂಗ್ ಮಷೀನ್

ಮೊದಲೇ ಹೇಳಿಬಿಡುತ್ತೇನೆ. ಕೂತಲ್ಲೇ ದೋಣಿಗೆ ಹುಟ್ಟು ಹಾಕಿದ ಹಾಗೆ ಎಳೆಯುವ ಈ ಮಷೀನ್ ಚೆನ್ನಾಗಿದೆ. ದುಡ್ಡಿಗೆ ಮೋಸವಿಲ್ಲ. ಮಂಡಿ ಕೈಕೊಟ್ಟವರು, ಓಡಬೇಡ ಅಂತ ಡಾಕ್ಟರ ಹತ್ತಿರ ಹೇಳಿಸಿಕೊಂಡು ಬಂದವರು ಧೈರ್ಯವಾಗಿ ಕೊಳ್ಳಬಹುದು. ಆದರೆ ನೀವೂ ನನ್ನ ಹಾಗೆ ಅಮೆರಿಕದ ಆರ್ಮಿಯಲ್ಲಿದ್ದು, ಫಿಟ್ನೆಸ್ ಟೆಸ್ಟಿನ ಅಂಕ ಏರಿಸೋಣ ಅಂತ ಇದರ ಮೇಲೆ ಕಣ್ಣಿಟ್ಟಿದ್ದರೆ ಸ್ವಲ್ಪ ತಡೆಯಿರಿ. ಇದರ ಮೇಲೆ ಕೂತು ಎಷ್ಟೇ ಬೆವರು ಸುರಿಸಿ, ಆರ್ಮಿ ಕೊಡುವುದು ನೂರಕ್ಕೆ 60 ಅಂಕ. ಅದರ ಮೇಲೆ ಒಂದೂ ಇಲ್ಲ. ಇದು ಮಷೀನಿನ ತಪ್ಪಲ್ಲ. ಆದರೂ ಕೊಳ್ಳುವ ಮುಂಚೆ ಗೊತ್ತಿರಬೇಕಾದ ವಿಷಯ. ಮಷೀನ್ ಮಾರುವವರಿಗೆ ಇದನ್ನು ಹೇಳುವ ಜರೂರು ಇಲ್ಲ, ಹಾಗಾಗಿ ನಾನು ಬರೆಯುತ್ತಿದ್ದೇನೆ.

ನಾನು ಅರಸೀಕೆರೆಯವಳು. ಈಗ ಟೆಕ್ಸಸ್‌ನ ಫೋರ್ಟ್ ಹುಡ್ ಅನ್ನುವ ಸೇನಾ ನೆಲೆಯಲ್ಲಿ ಸಾರ್ಜೆಂಟ್. ಸಪ್ಲೈ ರೂಮಿನಲ್ಲಿ ಕೆಲಸ. ಮಿಲ್ಟ್ರಿ ಅಂದ ಕೂಡಲೇ ಊರಿನವರಿಗೆ ಬಂದೂಕು ನೆನಪಾಗುತ್ತದೆ. ನನ್ನ ಕೈಯಲ್ಲಿ ದಿನವಿಡೀ ಇರುವುದು ಬೀಗದ ಕೈ ಗೊಂಚಲು ಮತ್ತು ಯಾರದೋ ಸಹಿ ಬೀಳಬೇಕಾದ ಕಾಗದ. ಎಡ ಮಂಡಿಯೊಳಗಿನ ಮೆತ್ತೆ, ಮೆನಿಸ್ಕಸ್ ಅಂತಾರೆ, ಅದು ಹರಿದು ಆಪರೇಷನ್ ಆಯಿತು. ಫಿಸಿಯೋಥೆರಪಿ ಆಯಿತು. ಮೆಟ್ಟಿಲು ಹತ್ತಬಹುದು, ಭಾರ ಎತ್ತಬಹುದು, ಟಾರು ರಸ್ತೆಯ ಮೇಲೆ ದೂರ ಓಡುವ ಹಾಗಿಲ್ಲ. ಕೊನೆಗೆ ಕೈಗೆ ಬಂದದ್ದು ಶಾಶ್ವತ ಪ್ರೊಫೈಲ್.

ಪ್ರೊಫೈಲ್ ಅಂದರೆ ಇಲ್ಲಿ ಫೋಟೋ ಹಾಕುವ ಪುಟವಲ್ಲ. ಡಿಎ ಫಾರ್ಮ್ 3349 ಅನ್ನುವ ಕಾಗದ. ಈ ಸೈನಿಕ ಏನು ಮಾಡಬಹುದು, ಏನು ಮಾಡಬಾರದು ಅಂತ ಡಾಕ್ಟರು ಅದರಲ್ಲಿ ಬರೆದಿರುತ್ತಾರೆ. ಅದರಲ್ಲಿ ಪಿ, ಯು, ಎಲ್, ಎಚ್, ಇ, ಎಸ್ ಅಂತ ಆರು ಅಕ್ಷರಗಳು. ದೇಹದ ಒಟ್ಟು ಶಕ್ತಿ, ಕೈ ಭಾಗ, ಕಾಲು ಭಾಗ, ಕಿವಿ, ಕಣ್ಣು, ಮನಸ್ಸು. ಒಂದೊಂದರ ಕೆಳಗೆ 1ರಿಂದ 4ರವರೆಗೆ ಒಂದು ಅಂಕಿ. 1 ಇದ್ದರೆ ಏನೂ ತೊಂದರೆಯಿಲ್ಲ. ನನ್ನ ಎಲ್ ಕೆಳಗೆ 2 ಇದೆ. 3 ಬಿದ್ದರೆ ಸೇನೆಯಲ್ಲಿ ಮುಂದುವರಿಯಬಹುದೋ ಇಲ್ಲವೋ ಅಂತ ಬೋರ್ಡಿನವರು ನೋಡುವ ಮಾತು ಬರುತ್ತದೆ. ಆದ್ದರಿಂದ ಎಲ್ಲರೂ 2ಕ್ಕೆ ಕೈಮುಗಿಯುತ್ತಾರೆ.

ನಮ್ಮ ಚಿಕ್ಕಪ್ಪ ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್‌ನಲ್ಲಿ ಇದ್ದು ರಿಟೈರ್ ಆದವರು. ಫೋನಿನಲ್ಲಿ ಇದನ್ನೆಲ್ಲ ಹೇಳಿದರೆ ಅವರಿಗೆ ಹೊಸದೇನೂ ಅನ್ನಿಸಲಿಲ್ಲ. "ನಮ್ಮಲ್ಲೂ ಅದೇ ಕಣಮ್ಮ, ಶೇಪ್ ಅಂತಾರೆ. ಶೇಪ್-1 ಇದ್ರೆ ಎಲ್ಲಾ ಸರಿ. ಕೆಳಗಿಳಿದ್ರೆ ಕೆಟಗರಿ ಆಯ್ತು ಅಂತಾರೆ" ಅಂದರು. ಭಾರತೀಯ ಸೇನೆಯ ಎಸ್, ಎಚ್, ಎ, ಪಿ, ಇ ಕೂಡ ಇದೇ ಲೆಕ್ಕ: ಮನಸ್ಸು, ಕಿವಿ, ಕೈಕಾಲು, ಒಟ್ಟು ದೇಹ, ಕಣ್ಣು. ಆಮೇಲೆ ಬಿಪಿಇಟಿಯ, ಅಂದರೆ ಅವರ ಫಿಟ್ನೆಸ್ ಟೆಸ್ಟಿನ, 5 ಕಿ.ಮೀ. ಓಟದ ಕತೆ ಶುರುವಾಯಿತು. ಬೆನ್ನ ಮೇಲೆ ಪಿಟ್ಟು ಅನ್ನುವ ಚೀಲ, ಕೈಯಲ್ಲಿ ರೈಫಲ್. ಆ ಕತೆ ಶುರುವಾದರೆ ಫೋನ್ ಇಡುವ ಹೊತ್ತಿಗೆ ಸಾರು ಆರಿಹೋಗಿರುತ್ತದೆ.

ಈಗ ಟೆಸ್ಟಿನ ವಿಷಯ. 2025ರ ಜೂನ್ 1ರಿಂದ ಆರ್ಮಿಯಲ್ಲಿ ನಡೆಯುತ್ತಿರುವುದು ಎಎಫ್‌ಟಿ, ಅಂದರೆ ಆರ್ಮಿ ಫಿಟ್ನೆಸ್ ಟೆಸ್ಟ್. ಅದಕ್ಕೆ ಮುಂಚೆ ಎಸಿಎಫ್‌ಟಿ, ಅಂದರೆ ಆರ್ಮಿ ಕಾಂಬ್ಯಾಟ್ ಫಿಟ್ನೆಸ್ ಟೆಸ್ಟ್ ಇತ್ತು. ಅದರಲ್ಲಿ ಆರು ಇವೆಂಟ್. ಭಾರದ ಚೆಂಡನ್ನು ತಲೆ ಮೇಲಿಂದ ಹಿಂದಕ್ಕೆ ಎಸೆಯುವುದನ್ನು ತೆಗೆದುಹಾಕಿ ಈಗ ಐದು ಮಾಡಿದ್ದಾರೆ. ನೆಲದಿಂದ ಭಾರ ಎತ್ತುವ ಡೆಡ್‌ಲಿಫ್ಟ್, ಪ್ರತಿ ಸಲ ನೆಲಕ್ಕೆ ಮಲಗಿ ಕೈ ಎರಡೂ ಕಡೆ ಚಾಚಿ ಏಳುವ ಪುಶ್‌ಅಪ್, ಸ್ಪ್ರಿಂಟ್-ಡ್ರ್ಯಾಗ್-ಕ್ಯಾರಿ, ಮೊಣಕೈ ಊರಿ ಮೈ ನೆಟ್ಟಗೆ ಹಿಡಿದಿರುವ ಪ್ಲ್ಯಾಂಕ್, ಕೊನೆಗೆ 2 ಮೈಲಿ ಓಟ. ಒಂದೊಂದಕ್ಕೆ 100 ಅಂಕ. ಒಟ್ಟು 500. ಪಾಸಾಗಲು ಒಂದೊಂದರಲ್ಲೂ 60 ಬೇಕು, ಒಟ್ಟು 300. ಕಾಲಾಳು ಪಡೆಯಂಥ 21 ಯುದ್ಧದ ಕೆಲಸಗಳಿಗೆ ಒಟ್ಟು 350 ಬೇಕು, ಅಲ್ಲಿ ಗಂಡು ಹೆಣ್ಣು ಅನ್ನುವ ವ್ಯತ್ಯಾಸವೂ ಇಲ್ಲ. ಸಪ್ಲೈ ಅದರಲ್ಲಿ ಬರುವುದಿಲ್ಲ.

ನನ್ನ ಪ್ರೊಫೈಲಿನಲ್ಲಿ ನಾಲ್ಕಕ್ಕೆ ಒಪ್ಪಿಗೆ ಇದೆ. ಸ್ಪ್ರಿಂಟ್-ಡ್ರ್ಯಾಗ್-ಕ್ಯಾರಿಗೂ ಇದೆ, ಯಾಕೆಂದರೆ ಅದು 50 ಮೀಟರಿನ ತುಂಡು ತುಂಡು ಕೆಲಸ. ಒಮ್ಮೆ ಓಟ, ಒಮ್ಮೆ 90 ಪೌಂಡಿನ ಸ್ಲೆಡ್ ಎಳೆತ, ಒಮ್ಮೆ ಅಡ್ಡ ಹೆಜ್ಜೆ, ಒಮ್ಮೆ ಎರಡು ಕೈಗೂ 40 ಪೌಂಡಿನ ಕೆಟಲ್‌ಬೆಲ್, ಮತ್ತೆ ಓಟ. ಇಲ್ಲ ಅಂದಿರುವುದು 2 ಮೈಲಿಗೆ ಮಾತ್ರ. ಅದರ ಬದಲಿಗೆ ನಾಲ್ಕು ದಾರಿ ಇವೆ: 2.5 ಮೈಲಿ ನಡಿಗೆ, ನಿಂತಲ್ಲೇ ತುಳಿಯುವ ಸೈಕಲ್ಲಿನಲ್ಲಿ 12 ಕಿ.ಮೀ., 1 ಕಿ.ಮೀ. ಈಜು, ರೋಯಿಂಗ್ ಮಷೀನಿನಲ್ಲಿ 5 ಕಿ.ಮೀ.

ಇಲ್ಲಿದೆ ನೋಡಿ ಕಿತಾಪತಿ. ಓಟಕ್ಕೆ ಸೆಕೆಂಡಿನ ಲೆಕ್ಕದಲ್ಲಿ ಅಂಕ. ಬೇಗ ಓಡಿದಷ್ಟೂ ಜಾಸ್ತಿ. ಬದಲಿ ಇವೆಂಟಿಗೆ ಹಾಗಿಲ್ಲ. ಗೋ ಅಥವಾ ನೋ-ಗೋ, ಅಂದರೆ ಪಾಸು ಅಥವಾ ಫೇಲು, ಅಷ್ಟೇ. ವಯಸ್ಸು ಮತ್ತು ಗಂಡು–ಹೆಣ್ಣು ನೋಡಿ ಒಂದು ಸಮಯ ಇಟ್ಟಿದ್ದಾರೆ. ಅದರೊಳಗೆ ಮುಗಿಸಿದರೆ ಗೋ, ಕಾರ್ಡಿನಲ್ಲಿ 60. ಐದು ನಿಮಿಷ ಮುಂಚೆ ಮುಗಿಸಿದರೂ 60. ಕೊನೇ ಸೆಕೆಂಡಿನಲ್ಲಿ ನಾಲಿಗೆ ಹೊರಗೆ ಹಾಕಿ ಮುಗಿಸಿದರೂ 60.

ಇದರಿಂದ ಏನಾಗುತ್ತದೆ ಅಂತ ಕೂಡಿಸಿ ನೋಡಿ. ಬಾಕಿ ನಾಲ್ಕರಲ್ಲೂ ನೂರಕ್ಕೆ ನೂರು ತೆಗೆದರೂ 400 ಮತ್ತು 60, ಒಟ್ಟು 460. ಅಲ್ಲಿಂದ ಮೇಲೆ ಹೋಗಲು ದಾರಿಯೇ ಇಲ್ಲ. 2025ರಲ್ಲಿ ಎಎಫ್‌ಟಿ ಬಂದಾಗ ಇನ್ನೊಂದು ನಿಯಮದ ಗಡಿಯೂ ಬದಲಾಯಿತು. ಒಟ್ಟು 465, ಒಂದೊಂದರಲ್ಲೂ ಕನಿಷ್ಠ 80 ತೆಗೆದವರಿಗೆ ಸೊಂಟಕ್ಕೆ ಟೇಪ್ ಹಿಡಿದು ಕೊಬ್ಬು ಅಳೆಯುವ ಕಾಟ ಇಲ್ಲ ಅಂದರು. ನಮ್ಮ ಗರಿಷ್ಠ 460, ಅವರ ಗಡಿ 465. ಐದು ಅಂಕದಲ್ಲಿ ಬಾಗಿಲು ಹಾಕಿದ ಹಾಗೆ, ಅಲ್ವಾ? ಎಸಿಎಫ್‌ಟಿ ಕಾಲದಲ್ಲಿ ಗಡಿ 540 ಇತ್ತು, ಒಟ್ಟು 600. ಆಗ ಕೂಡಿಸಿದರೆ 560ರವರೆಗೆ ಹೋಗಬಹುದಿತ್ತು, ಆದರೆ ಒಂದೊಂದರಲ್ಲೂ 80 ಅನ್ನುವ ಮಾತು ಆಗಲೂ ಅಡ್ಡ ಬರುತ್ತಿತ್ತು. ಈಗ ಎರಡೂ ಕಡೆಯಿಂದ ಚಿಲಕ.

ಪ್ರಮೋಷನ್ನಿಗೂ ಈ ಅಂಕಗಳೇ ಬೇಕು. ಸಾರ್ಜೆಂಟ್‌ನಿಂದ ಸ್ಟಾಫ್ ಸಾರ್ಜೆಂಟ್ ಆಗಬೇಕೆಂದರೆ ಪಾಯಿಂಟ್ ಕೂಡಿಸಬೇಕು. ಅದರಲ್ಲಿ ಫಿಟ್ನೆಸ್ ಟೆಸ್ಟಿನದೂ ಒಂದು ಪಾಲು. ಹಾಗಾಗಿ ಇದು ಸುಮ್ನೆ ಪ್ರತಿಷ್ಠೆಯ ಪ್ರಶ್ನೆ ಅಲ್ಲ, ಸಂಬಳದ ಪ್ರಶ್ನೆ.

ಇಷ್ಟು ಗೊತ್ತಿದ್ದೂ ನಾನು ರೋಯಿಂಗ್ ಯಾಕೆ ಆರಿಸಿಕೊಂಡೆ ಅಂತ ಕೇಳಬಹುದು. ಹೇಗೂ 60 ಅಂದರೆ ನಡಿಗೆ ಸಾಕಲ್ಲ, ಮಷೀನೂ ಬೇಡ, ದುಡ್ಡೂ ಬೇಡ. ನಿಜ. ಆದರೆ ಆ ನಡಿಗೆ ಸಂಜೆ ಪಾರ್ಕಿನ ವಾಕಿಂಗ್ ಅಲ್ಲ. ಹೆಜ್ಜೆ ಬೀಸಿ ಬೀಸಿ ಹಾಕಬೇಕು. ಒಂದು ಕಾಲು ಯಾವಾಗಲೂ ನೆಲದ ಮೇಲೆ ಇರಬೇಕು. ಅವಸರಕ್ಕೆ ಎರಡೂ ಕಾಲು ಎದ್ದರೆ ಅದು ಓಟ, ಅಲ್ಲಿಗೆ ಮುಗಿಯಿತು. ನನ್ನ ಮಂಡಿಗೆ ಅಷ್ಟು ಬಿರುಸಿನ ನಡಿಗೆ ಓಟಕ್ಕಿಂತ ಏನೂ ಮೇಲಲ್ಲ. ಮಾರನೆಯ ದಿನ ಊದಿರುತ್ತದೆ. ಈಜು ನನಗೆ ಬಾರದು. ಅರಸೀಕೆರೆಯ ಕೆರೆಯಲ್ಲಿ ಹೆಣ್ಣುಮಕ್ಕಳನ್ನು ಯಾರು ಇಳಿಸುತ್ತಿದ್ದರು? ಸೈಕಲ್ಲಿಗೂ ರೋಯಿಂಗಿಗೂ ಪೈಪೋಟಿ ಇತ್ತು. ಫಿಸಿಯೋಥೆರಪಿಸ್ಟ್ ರೋಯಿಂಗಿಗೆ ಓಟು ಹಾಕಿದರು. ಪಾದ ಹಲಗೆಗೆ ಕಟ್ಟಿರುತ್ತದೆ, ನೆಲಕ್ಕೆ ಬಡಿಯುವುದೇ ಇಲ್ಲ, ತೊಡೆ ಬೆನ್ನು ಎರಡೂ ಗಟ್ಟಿಯಾಗುತ್ತವೆ ಅಂದರು. ಒಂದೇ ಷರತ್ತು. ಮುಂದಕ್ಕೆ ಬರುವಾಗ ಮೊಣಕಾಲಿನ ಕೆಳಗಿನ ಮೂಳೆ ನೆಟ್ಟಗೆ ನಿಂತ ಕೂಡಲೇ ಅಲ್ಲಿಗೆ ನಿಲ್ಲಿಸಬೇಕು. ಅದಕ್ಕಿಂತ ಮುಂದೆ ಹೋಗಿ ಮಂಡಿ ಮಡಚಬಾರದು.

ಇನ್ನು ಮಷೀನಿಗೆ ಬರುತ್ತೇನೆ.

ಕಾನ್ಸೆಪ್ಟ್‌2 ರೋ-ಅರ್ಗ್. ಅಮೆರಿಕದ ವರ್ಮಾಂಟ್ ರಾಜ್ಯದ ಕಂಪನಿ. ಉದ್ದ ಸುಮಾರು 8 ಅಡಿ, ತೂಕ 26 ಕೆ.ಜಿ. ಆಸುಪಾಸು. ಮುಂದೆ ಬೋನಿನೊಳಗೆ ಒಂದು ಗಾಲಿ, ಅದರಲ್ಲಿ ರೆಕ್ಕೆಗಳು. ಹಿಡಿ ಎಳೆದರೆ ಚೈನು ಗಾಲಿಯನ್ನು ತಿರುಗಿಸುತ್ತದೆ. ರೆಕ್ಕೆ ಗಾಳಿಯನ್ನು ತಳ್ಳುತ್ತದೆ. ಜೋರಾಗಿ ಎಳೆದಷ್ಟೂ ಗಾಳಿ ಜೋರಾಗಿ ತಡೆಯುತ್ತದೆ. ಮೋಟರಿಲ್ಲ, ಕರೆಂಟಿಲ್ಲ. ಮಾನಿಟರಿಗೆ ಎರಡು ದಪ್ಪ ಬ್ಯಾಟರಿ, ಅಷ್ಟೇ.

ಬೋನಿನ ಪಕ್ಕದಲ್ಲಿ 1ರಿಂದ 10ರವರೆಗೆ ಗುರುತಿರುವ ಸಣ್ಣ ಸನ್ನೆ ಇದೆ. ಡ್ಯಾಂಪರ್ ಅಂತಾರೆ. ಜಿಮ್‌ಗೆ ಬರುವ ಹುಡುಗರೆಲ್ಲ ಮೊದಲು ಅದನ್ನು 10ಕ್ಕೆ ಎತ್ತುತ್ತಾರೆ. ಶಕ್ತಿ ತೋರಿಸಬೇಕಲ್ಲ! ಆದರೆ ಅದು ಬೋನಿನೊಳಗೆ ಎಷ್ಟು ಗಾಳಿ ಬಿಡಬೇಕು ಅನ್ನುವುದನ್ನು ಮಾತ್ರ ತೀರ್ಮಾನಿಸುತ್ತದೆ. 10ರಲ್ಲಿಟ್ಟರೆ ಮೀಟರು ಪುಕ್ಕಟೆ ಸಿಗುವುದಿಲ್ಲ. ಒಂದು ಎಳೆತಕ್ಕೂ ಇನ್ನೊಂದಕ್ಕೂ ನಡುವೆ ಗಾಲಿ ಎಷ್ಟು ಬೇಗ ನಿಧಾನವಾಗುತ್ತಿದೆ ಅಂತ ಮಾನಿಟರ್ ನೋಡುತ್ತಿರುತ್ತದೆ. ಅದರಿಂದಲೇ ನೀವು ನಿಜವಾಗಿ ಎಷ್ಟು ಕೆಲಸ ಮಾಡಿದಿರಿ ಅಂತ ಲೆಕ್ಕ ಹಾಕುತ್ತದೆ. 10ರಲ್ಲಿ ಸೊಂಟ ಬೇಗ ಸೋಲುತ್ತದೆ, ಅದೊಂದೇ ಲಾಭ. ನಾನು 4ರಲ್ಲಿ ಇಡುತ್ತೇನೆ.

ಮಾನಿಟರಿನಲ್ಲಿ ನೋಡಬೇಕಾದ ಸಂಖ್ಯೆ ಒಂದೇ. 500 ಮೀಟರಿಗೆ ಎಷ್ಟು ಹೊತ್ತು. ಅದನ್ನು ಸ್ಪ್ಲಿಟ್ ಅನ್ನುತ್ತಾರೆ. 5 ಕಿ.ಮೀ. ಅಂದರೆ ಹತ್ತು 500. ಸ್ಪ್ಲಿಟ್ 3 ನಿಮಿಷ ಇದ್ದರೆ ಒಟ್ಟು ಅರ್ಧ ಗಂಟೆ. 2 ನಿಮಿಷ 30 ಸೆಕೆಂಡ್ ಇದ್ದರೆ 25 ನಿಮಿಷ. ಈ 25ಕ್ಕೆ ಒಂದು ಹಿನ್ನೆಲೆ ಇದೆ. ಎಸಿಎಫ್‌ಟಿಯ ಮೊದಲ ರೂಪದಲ್ಲಿ ವಯಸ್ಸು, ಗಂಡು, ಹೆಣ್ಣು ಏನೂ ನೋಡದೆ ಎಲ್ಲರಿಗೂ 25 ನಿಮಿಷ ಅಂತ ಇಟ್ಟಿದ್ದರು. ಸೈಕಲ್ಲು ಆಗ 15 ಕಿ.ಮೀ., ನಡಿಗೆ ಪಟ್ಟಿಯಲ್ಲೇ ಇರಲಿಲ್ಲ. 2022ರಲ್ಲಿ ಸೈಕಲ್ಲನ್ನು 12ಕ್ಕೆ ಇಳಿಸಿ, ನಡಿಗೆ ಸೇರಿಸಿ, ವಯಸ್ಸಿಗೆ ತಕ್ಕ ಸಮಯ ಕೊಟ್ಟರು. ನಾನು ಹಳೇ 25ನ್ನೇ ಮನೆಯಲ್ಲಿ ಗುರಿಯಾಗಿ ಇಟ್ಟುಕೊಂಡಿದ್ದೇನೆ. ಅದು ಬಂದರೆ ಟೆಸ್ಟಿನ ದಿನ ಕೈ ನಡುಗುವುದಿಲ್ಲ.

3 ನಿಮಿಷದ ಸ್ಪ್ಲಿಟ್‌ನಿಂದ ಎರಡೂವರೆಗೆ ಇಳಿಯುವುದು ಬರೀ ಅರ್ಧ ನಿಮಿಷದ ಮಾತು ಅಂದುಕೊಳ್ಳಬೇಡಿ. ಮಾನಿಟರನ್ನು ವ್ಯಾಟ್‌ಗೆ ತಿರುಗಿಸಿ ನೋಡಿ. 3 ನಿಮಿಷಕ್ಕೆ 60 ವ್ಯಾಟ್ ಸಾಕು. ಎರಡೂವರೆಗೆ ಸುಮಾರು 104 ಬೇಕು. ವೇಗ ಸ್ವಲ್ಪ ಏರಿದರೆ ಶಕ್ತಿ ಘನದ ಲೆಕ್ಕದಲ್ಲಿ ಏರುತ್ತದೆ. ಇದು ಗೊತ್ತಾದ ಮೇಲೆ ಮೊದಲ ಸಾವಿರ ಮೀಟರಿನಲ್ಲಿ ಯಾರೂ ಹುಚ್ಚುಹುಚ್ಚಾಗಿ ಎಳೆಯುವುದಿಲ್ಲ.

ಪಕ್ಕದ ಮನೆಯವರ ಹತ್ತಿರ ಮ್ಯಾಗ್ನೆಟ್ಟಿನ ಅಗ್ಗದ ಮಷೀನ್ ಒಂದಿದೆ. ಕಂಪನಿ ಯಾವುದಾದರೂ ಇರಲಿ. ಅದರಲ್ಲಿ ನಾನು ಮಾತಾಡುತ್ತಾ ಮಾತಾಡುತ್ತಾ ಎಳೆದೆ. ಒಲಿಂಪಿಕ್ಸಿಗೆ ಹೋಗುವವರು ಕೂಡ ನೋಡಿ ನಾಚಿಕೊಳ್ಳುವಂಥ ಸಮಯಕ್ಕೆ 5 ಕಿ.ಮೀ. ಮುಗಿಯಿತು ಅಂತ ತೋರಿಸಿತು. ಮನಸ್ಸಿಗೆ ಖುಷಿ, ಟೆಸ್ಟಿಗೆ ಉಪಯೋಗವಿಲ್ಲ. ರೋ-ಅರ್ಗ್ ಹಾಗೆ ಮುಖಸ್ತುತಿ ಮಾಡುವುದಿಲ್ಲ. ನಮ್ಮ ಸೇನಾ ನೆಲೆಯ ಜಿಮ್‌ನಲ್ಲಿ ಇರುವುದೂ ಇದೇ. ಮನೆಯ ಸಂಖ್ಯೆ ಅಲ್ಲಿ, ಅಲ್ಲಿಯ ಸಂಖ್ಯೆ ಮನೆಯಲ್ಲಿ ಹಾಗೇ ಹೊಂದುತ್ತದೆ. ನಾನು ಈ ಮಷೀನಿಗೆ ದುಡ್ಡು ಕೊಟ್ಟದ್ದು ಮುಖ್ಯವಾಗಿ ಇದಕ್ಕೇ.

ಒಂದು ಅಡ್ಡ ಮಾತು. ಮಷೀನಿನ ಮೇಲೆ ನಿಮ್ಮ ಮೈಭಾರವನ್ನು ನೀವು ಹೊರುವುದಿಲ್ಲ, ಸೀಟು ಹೊರುತ್ತದೆ. ಹಾಗಾಗಿ ದೊಡ್ಡ ಆಳಿಗೆ, ಉದ್ದ ಕೈಕಾಲಿನವರಿಗೆ ಇಲ್ಲಿ ಅನುಕೂಲ ಜಾಸ್ತಿ. ಓಟದಲ್ಲಿ ತಿರುಗುಮುರುಗು. ಆರ್ಮಿಯ ಕೋಷ್ಟಕ ವಯಸ್ಸು ನೋಡುತ್ತದೆ, ಗಂಡೋ ಹೆಣ್ಣೋ ನೋಡುತ್ತದೆ, ತೂಕ ನೋಡುವುದಿಲ್ಲ. ನನ್ನಂಥ 5 ಅಡಿ 2 ಅಂಗುಲದವರು ಇದನ್ನು ಮನಸ್ಸಿನಲ್ಲಿಟ್ಟುಕೊಂಡೇ ನಾಲ್ಕರಲ್ಲಿ ಒಂದನ್ನು ಆರಿಸಬೇಕು. ಸೈಕಲ್ಲು ಒಗ್ಗುವುದಾದರೆ ಕುಳ್ಳಗೆ ಇರುವವರು ಅದನ್ನೂ ಒಮ್ಮೆ ತುಳಿದು ನೋಡಿ.

ಎಲ್ಲಕ್ಕಿಂತ ಮುಖ್ಯವಾದದ್ದು ಈಗ ಹೇಳುತ್ತೇನೆ. ಓಡುವವರಿಗೆ ಇದು ಹೊಳೆಯುವುದಿಲ್ಲ. ಟೆಸ್ಟಿನಲ್ಲಿ ರೋಯಿಂಗ್ ಕೊನೆಗೆ ಬರುತ್ತದೆ. ಅದಕ್ಕೆ ಮುಂಚೆ ಡೆಡ್‌ಲಿಫ್ಟಿನಲ್ಲಿ ಬೆನ್ನು ಹೋಗಿರುತ್ತದೆ. ಪುಶ್‌ಅಪ್ಪಿನಲ್ಲಿ ಭುಜ ಹೋಗಿರುತ್ತದೆ. ಸ್ಲೆಡ್ಡೂ ಕೆಟಲ್‌ಬೆಲ್ಲೂ ಸೇರಿ ಬೆರಳಿನ ಹಿಡಿತ ತಿಂದಿರುತ್ತವೆ. ಪ್ಲ್ಯಾಂಕಿನಲ್ಲಿ ಹೊಟ್ಟೆ ನಡುಗಿರುತ್ತದೆ. ಆಮೇಲೆ ಸ್ವಲ್ಪ ವಿರಾಮ. ಓಡುವವರು ಅಲ್ಲಿಂದ ಎದ್ದು ಕಾಲಿನ ಕೆಲಸಕ್ಕೆ ಹೋಗುತ್ತಾರೆ. ನಾವು ಅದೇ ಬೆನ್ನು, ಅದೇ ಹೊಟ್ಟೆ, ಅದೇ ಬೆರಳು ತಗೊಂಡು ಮಷೀನಿಗೆ ಹೋಗಿ ಕೂರುತ್ತೇವೆ. ಮನೆಯಲ್ಲಿ ಬೆಳಿಗ್ಗೆ ಫ್ರೆಶ್ಶಾಗಿ ಎಳೆದ ಸಮಯ ಅಲ್ಲಿ ಬರುವುದಿಲ್ಲ. ನನಗೆ ಸ್ಪ್ಲಿಟ್ ಮೊದಲ ಎರಡು ಸಾವಿರ ಮೀಟರಿನಲ್ಲೇ ಜಾರುತ್ತದೆ. ಹಿಡಿ ಜಾರುತ್ತದೆ ಅನ್ನಿಸಿದಾಗ ಕೈ ಬಿಗಿ ಹಿಡಿಯುತ್ತೇವೆ. ಬಿಗಿ ಹಿಡಿದರೆ ಮುಂಗೈ ಕಲ್ಲಾಗುತ್ತದೆ. ಬೆರಳನ್ನು ಕೊಕ್ಕೆಯ ಹಾಗೆ ಸಿಕ್ಕಿಸಿ ಹೆಬ್ಬೆರಳನ್ನು ಸಡಿಲ ಬಿಡಬೇಕು, ಕೆಲಸ ಕಾಲಿಗೆ ಕೊಡಬೇಕು. ಮೊದಲು ಕಾಲು ತಳ್ಳು, ಆಮೇಲೆ ಬೆನ್ನು ತೂಗು, ಕೊನೆಗೆ ಕೈ. ವಾಪಸ್ ಬರುವಾಗ ಅದೇ ಉಲ್ಟಾ. ಮಧ್ಯೆ ಸುಸ್ತಾದರೆ ಕೈ ಬಿಟ್ಟು ಉಸಿರು ತೆಗೆದುಕೊಳ್ಳಬಹುದು, ಗಡಿಯಾರ ಮಾತ್ರ ನಿಮಗೋಸ್ಕರ ನಿಲ್ಲುವುದಿಲ್ಲ.

ಆದ್ದರಿಂದ ಅಭ್ಯಾಸ ಮಾಡುವ ಕ್ರಮವನ್ನೇ ನಾನು ತಿರುಗಿಸಿದ್ದೇನೆ. ಡೆಡ್‌ಲಿಫ್ಟ್ ಮಾಡಿದ ದಿನವೇ ಮಷೀನ್ ಮೇಲೆ ಕೂರುತ್ತೇನೆ. ಗ್ಯಾರೇಜಿನಲ್ಲಿ ಭಾರ ಎತ್ತುವ ಸರಳು, ಅದರ ಪಕ್ಕದಲ್ಲೇ ಮಷೀನು. ಒಂದು ಮುಗಿಸಿ ನೀರು ಕುಡಿದು ಇನ್ನೊಂದು. ಮೊದಮೊದಲು ಅಳು ಬರುತ್ತದೆ. ಆಮೇಲೆ ಸಂಖ್ಯೆ ಸ್ಥಿರವಾಗುತ್ತದೆ. ರೋಯಿಂಗಿನಲ್ಲಿ ಗಡಿ ದಾಟಿ ಒಂದೆರಡು ನಿಮಿಷ ಮಿಗುವಷ್ಟು ಶಕ್ತಿ ಇದ್ದರೆ ಅಲ್ಲಿಗೆ ಸಾಕು ಅಂತ ಬಿಟ್ಟುಬಿಡುತ್ತೇನೆ. ಉಳಿದ ಹೊತ್ತೆಲ್ಲ ಪ್ಲ್ಯಾಂಕಿಗೆ, ಡೆಡ್‌ಲಿಫ್ಟಿಗೆ. ಅಲ್ಲಿ ಒಂದೊಂದು ಸೆಕೆಂಡಿಗೂ ಒಂದೊಂದು ಪೌಂಡಿಗೂ ಬೆಲೆ ಇದೆ. ಇಲ್ಲಿ ಬೆಲೆ ಇಲ್ಲ. ನಿಮಗೆ ಎದೆಗೆ, ಉಸಿರಿಗೆ ಒಳ್ಳೆಯದು ಅಂತ ಜೋರಾಗಿ ಎಳೆಯಬೇಕು ಅನ್ನಿಸಿದರೆ ಎಳೆಯಿರಿ, ನಾನೂ ಎಳೆಯುತ್ತೇನೆ. ಅಂಕಕ್ಕೆ ಅಂತ ಎಳೆಯಬೇಡಿ.

ಬೇರೆ ಪಡೆಗಳ ಲೆಕ್ಕ ನೋಡಿದಾಗ ಹೊಟ್ಟೆ ಉರಿಯುತ್ತದೆ. ನೌಕಾಪಡೆಯಲ್ಲಿ 2 ಕಿ.ಮೀ. ರೋಯಿಂಗ್ ಇದೆ. ಅಲ್ಲಿ ಸಮಯಕ್ಕೆ ತಕ್ಕ ಶ್ರೇಣಿ ಕೊಡುತ್ತಾರೆ. ಅಂದರೆ ಇಂಥ ಮಷೀನಿನ ಮೇಲೆ ಕೂರಿಸಿ ಅಂಕ ಅಳೆಯಬಹುದು, ಅಳೆಯುತ್ತಿದ್ದಾರೆ. ವಾಯುಪಡೆಯದು ಇನ್ನೊಂದು ದಾರಿ. 2022ರ ಸುಮಾರಿನ ಅವರ ನಿಯಮ ಹೀಗಿತ್ತು: ಓಟಕ್ಕೆ 60, ಕೈಬಲಕ್ಕೆ 20, ಹೊಟ್ಟೆಬಲಕ್ಕೆ 20, ಒಟ್ಟು 100, ಪಾಸಿಗೆ 75. ಡಾಕ್ಟರು ಒಂದನ್ನು ಬೇಡ ಅಂದರೆ ಅದನ್ನು ಲೆಕ್ಕದಿಂದಲೇ ತೆಗೆದುಬಿಡುತ್ತಿದ್ದರು. ಮಾಡಿದ್ದರಲ್ಲಿ ಎಷ್ಟು ಬಂತೋ ಅದನ್ನು ಮಾಡಬಹುದಾಗಿದ್ದ ಒಟ್ಟಿಗೆ ಭಾಗಿಸಿ ನೂರಕ್ಕೆ ಏರಿಸುವುದು. ಓಟವೇ ಇಲ್ಲದವರಿಗೆ 40ಕ್ಕೆ 35 ಬಂದರೆ 87.5. ಓಡಿದವರ ಜೊತೆ ಒಂದೇ ಸಾಲಿನಲ್ಲಿ ನಿಲ್ಲಬಹುದು.

ಈ ಲೆಕ್ಕವನ್ನು ಆರ್ಮಿಗೆ ತಂದು ನೋಡಿ. ನಾಲ್ಕು ಇವೆಂಟಿನಲ್ಲಿ ಒಬ್ಬರಿಗೆ 88, 84, 78, 92 ಬಂತು ಅನ್ನಿ. ಒಟ್ಟು 342. ಆರ್ಮಿ ಲೆಕ್ಕದಲ್ಲಿ 60 ಸೇರಿಸಿದರೆ 402. ವಾಯುಪಡೆಯ ಹಾಗೆ ಮಾಡಿದರೆ 400ಕ್ಕೆ 342, ಅಂದರೆ 85.5%, ಅದನ್ನು 500ಕ್ಕೆ ಏರಿಸಿದರೆ 427.5. ಇಪ್ಪತ್ತೈದೂವರೆ ಅಂಕ ಮಂಡಿಯ ಜೊತೆಗೇ ಹೋಯಿತು.

ಆರ್ಮಿಯ ಕಡೆಯ ವಾದವೂ ನನಗೆ ಅರ್ಥವಾಗುತ್ತದೆ. ಡಾಕ್ಟರ ಚೀಟಿ ತಂದವರಿಗೆಲ್ಲ ಓಟ ಬಿಟ್ಟು ಅಂಕ ಏರುವುದಾದರೆ, ಓಟ ಸೋಮಾರಿಗಳೆಲ್ಲ ನಾಳೆಯೇ ಮಂಡಿ ಹಿಡಿದುಕೊಂಡು ಆಸ್ಪತ್ರೆ ಸಾಲಿನಲ್ಲಿ ನಿಲ್ಲುತ್ತಾರೆ. ನಮ್ಮ ಜನ ಎಲ್ಲಿದ್ದರೂ ಒಂದೇ ತರಹ. ಅದಕ್ಕೆ ಉತ್ತರ ಸಮಯಕ್ಕೆ ತಕ್ಕ ಅಂಕದ ಕೋಷ್ಟಕ. 60ಕ್ಕೆ ಗೂಟ ಹೊಡೆದು ಕೂರುವುದಲ್ಲ. ಗಡಿಗೆ ತಕ್ಕ ಸಮಯವನ್ನು ವಯಸ್ಸುವಾರು ಬರೆದವರಿಗೆ ಅದರ ಮೇಲಿನ 40 ಅಂಕಕ್ಕೂ ಸಮಯ ಬರೆಯುವುದು ಕಷ್ಟವೇನಲ್ಲ.

ಇನ್ನೊಂದು ಎಚ್ಚರಿಕೆ. ಟೆಸ್ಟಿನ ದಿನ ಪ್ರೊಫೈಲಿನ ಪ್ರತಿ ಕೈಯಲ್ಲಿ ಇರಲಿ. ಹಿಂದೆ ನಾನಿದ್ದ ಕಡೆ ಒಮ್ಮೆ ಅಂಕ ಬರೆಯುವ ಗ್ರೇಡರ್, ಹೆಸರು ಬೇಡ, ಚಿಕ್ಕ ಹುಡುಗ, ನನ್ನ ಕಾರ್ಡಿನಲ್ಲಿ 2 ಮೈಲಿ ಓಟದ ಜಾಗಕ್ಕೆ ಸೊನ್ನೆ ಬರೆದು, ಬದಲಿ ಇವೆಂಟಿನ ಜಾಗ ಖಾಲಿ ಬಿಟ್ಟಿದ್ದ. ಸೊನ್ನೆ ಅಂದರೆ ಫೇಲ್. ಮಷೀನ್ ಮೇಲಿಂದ ಇಳಿದು ಬಂದವಳಿಗೆ ಕಣ್ಣು ಕತ್ತಲೆ ಬರುತ್ತಿದ್ದರೂ ಸಹಿ ಹಾಕುವ ಮುಂಚೆ ಓದಿದೆ. "ಇದನ್ನು ತಿದ್ದಪ್ಪ" ಅಂತ ಬಾಯಿಗೆ ಕನ್ನಡವೇ ಬಂದಿತ್ತು. ಆಮೇಲೆ ಅವನ ಭಾಷೆಯಲ್ಲಿ ಹೇಳಿ ತಿದ್ದಿಸಿದೆ. ಡಿಎ ಫಾರ್ಮ್ 705 ಅನ್ನುವ ಆ ಕಾರ್ಡಿಗೆ ಸಹಿ ಬಿದ್ದ ಮೇಲೆ ಆಫೀಸಿನಿಂದ ಆಫೀಸಿಗೆ ಅಲೆಯಬೇಕು. ಬೆವರು ಒರೆಸಿಕೊಳ್ಳುವ ಮುಂಚೆ ಕಾರ್ಡು ಓದಿ.

ತಾತ್ಕಾಲಿಕ ಪ್ರೊಫೈಲ್ ಇರುವವರು ಮಷೀನ್ ಕೊಳ್ಳಲು ಅವಸರ ಮಾಡಬೇಡಿ. ವಾಸಿಯಾಗುವ ಗಾಯ ಅದು. ಪ್ರೊಫೈಲ್ ಮುಗಿದ ಮೇಲೆ ತಯಾರಿಗೆ ಸಮಯ ಕೊಡುತ್ತಾರೆ, ಪ್ರೊಫೈಲ್ ಇದ್ದ ದಿನಗಳ ಎರಡರಷ್ಟು, ಜಾಸ್ತಿ ಅಂದರೆ 90 ದಿನ. ಅಷ್ಟರಲ್ಲಿ ಜಿಮ್‌ನ ಮಷೀನೇ ಸಾಕು.

ಮನೆಯ ವಿಷಯಕ್ಕೆ ಬಂದರೆ, ಸದ್ದು ಇದೆ. ಗಾಳಿಯ ಸದ್ದು. ಅಪಾರ್ಟ್‌ಮೆಂಟಿನಲ್ಲಿ ಬೆಳಗಿನ ಜಾವ ಎಳೆದರೆ ಕೆಳಗಿನ ಮನೆಯವರು ಬಾಗಿಲು ತಟ್ಟಬಹುದು. ಸೀಟು ಗಟ್ಟಿ, 20 ನಿಮಿಷ ದಾಟಿದರೆ ಕೂತ ಜಾಗ ಜೋಮು ಹಿಡಿಯುತ್ತದೆ. ಮೇಲೆ ಒಂದು ತೆಳು ಫೋಮ್ ಹಾಕಿಕೊಂಡಿದ್ದೇನೆ. 8 ಅಡಿ ಜಾಗ ಬೇಕು, ಆದರೆ ಸ್ಪ್ಯಾನರ್ ಇಲ್ಲದೆ ಎರಡು ತುಂಡು ಮಾಡಿ ಮೂಲೆಗೆ ನಿಲ್ಲಿಸಬಹುದು. ಸುಮಾರು 50 ಗಂಟೆ ಬಳಕೆಗೊಮ್ಮೆ ಚೈನಿಗೆ ಎಣ್ಣೆ. ಸೀಟು ಜಾರುವ ಕಂಬಿಯನ್ನು ಬಟ್ಟೆಯಲ್ಲಿ ಒರೆಸುವುದು. ಮೇಂಟೆನೆನ್ಸ್ ಅಷ್ಟೇ.

ಮಂಡಿ ನೋವಿನವರಿಗೆ ಒಂದು ಮುಖ್ಯ ಮಾತು. ಸಾಧಾರಣ ಕಾಲಿನ ಮಷೀನಿನಲ್ಲಿ ಸೀಟು ನೆಲದಿಂದ 14 ಅಂಗುಲ. ಚಿಕ್ಕ ಮಣೆ ಮೇಲೆ ಕೂತು ಎದ್ದ ಹಾಗೆ. ಎತ್ತರದ ಕಾಲಿನದು 20 ಅಂಗುಲ, ಕುರ್ಚಿಗಿಂತ ತುಸು ಮೇಲೆ. ಬೆಲೆ ಸ್ವಲ್ಪ ಜಾಸ್ತಿ. ಆದರೂ ಅದನ್ನೇ ತಗೊಳ್ಳಿ. ನಾನು ಅದನ್ನೇ ತಗೊಂಡಿದ್ದೇನೆ. ಎಳೆಯುವಾಗ ಮಂಡಿಗೆ ಏನೂ ಆಗುವುದಿಲ್ಲ, ಎಳೆದು ಮುಗಿಸಿ ಏಳುವಾಗಲೇ ಕಿರಿಕ್ ಅನ್ನುವುದು.

ಕಳೆದ ಬೇಸಿಗೆಯಲ್ಲಿ ಅಪ್ಪ ಅಮ್ಮ ಬಂದಿದ್ದರು. ಗ್ಯಾರೇಜಿನಲ್ಲಿ ನನ್ನನ್ನು ನೋಡಿ ಅಪ್ಪ, "ಏನಮ್ಮ ಇದು, ನೀರಿಲ್ದಂಗೆ ದೋಣಿ ಹೊಡೀತಿದೀಯ?" ಅಂದರು. ಅವರಿಗೂ ಮಂಡಿ ನೋವು. ಹತ್ತಿಸಿ ಕೂರಿಸಿದೆ. ಪಂಚೆ ಮೇಲೆ ಕಟ್ಟಿಕೊಂಡು ನಿಧಾನಕ್ಕೆ ಎಳೆದರು. ಆಮೇಲೆ ದಿನಾ ಕಾಫಿಗೆ ಮುಂಚೆ ಅಲ್ಲೇ ಹಾಜರ್. ಅಮ್ಮ ಮಾತ್ರ ಹತ್ತಲಿಲ್ಲ. "ಸೀರೆ ಸಿಕ್ಕಾಕ್ಕೊಳುತ್ತೆ, ನಂಗೆ ಬೇಡ ಮಾರಾಯ್ತಿ" ಅಂದು ಒಳಗೆ ಹೋದರು. ಸರಿಯಾಗೇ ಹೇಳಿದರು. ಸಡಿಲ ಬಟ್ಟೆ ಸೀಟಿನ ಗಾಲಿಗೆ ಸಿಕ್ಕುತ್ತದೆ, ಅಪ್ಪನ ಪಂಚೆಯ ಬಗ್ಗೆಯೂ ನನಗೆ ಭಯವಿತ್ತು. ಮಾರನೆಯ ದಿನವೇ ಚಡ್ಡಿ ಕೊಡಿಸಿದೆ.

ಬೆಲೆ ನಾನು ಕೊಂಡಾಗ ಸಾಧಾರಣ ಕಾಲಿನದಕ್ಕೇ ಸಾವಿರ ಡಾಲರ್ ಹತ್ತಿರ ಇತ್ತು. ಊರಿನಲ್ಲಿ ಆಮದು ಸೇರಿ ಲಕ್ಷದ ಮೇಲೆ ಹೋಗುತ್ತದೆ. ಅಲ್ಲಿ ಅಪ್ಪನಂಥವರಿಗೆ ಅಂತ ಕೊಳ್ಳುವುದಾದರೆ ನನ್ನ ಉತ್ತರ ಬೇಡ. ಹತ್ತಿರದ ಜಿಮ್‌ನಲ್ಲಿ ಇದೆಯಾ ಅಂತ ವಿಚಾರಿಸಿ, ಈಚೆಗೆ ಬೆಂಗಳೂರು ಮೈಸೂರಿನ ಜಿಮ್‌ಗಳಲ್ಲಿ ಇರುತ್ತವೆ. ಫೋರ್ಟ್ ಹುಡ್ ತರಹದ ಊರುಗಳಲ್ಲಿ ಇರುವವರಿಗೆ ಹೊಸದೇ ಬೇಕಂತಿಲ್ಲ. ಬೇಸಿಗೆ ಬಂದರೆ ಅರ್ಧ ಊರು ವರ್ಗವಾಗಿ ಹೊರಡುತ್ತದೆ. ಮಂಚ, ಸೋಫಾ ಜೊತೆ ರೋಯಿಂಗ್ ಮಷೀನೂ ಮಾರಾಟಕ್ಕೆ ಬರುತ್ತದೆ. ನೋಡಲು ಹೋದಾಗ ಚೈನು ತುಕ್ಕು ಹಿಡಿದಿದೆಯಾ ಅಂತ ಬೆರಳಿಟ್ಟು ನೋಡಿ. ಹಿಡಿ ಬಿಟ್ಟರೆ ಪೂರ್ತಿ ಒಳಗೆ ಹೋಗಬೇಕು, ಜೋತು ಬೀಳಬಾರದು. ಈವರೆಗೆ ಒಟ್ಟು ಎಷ್ಟು ಮೀಟರ್ ಎಳೆದಿದ್ದಾರೆ ಅಂತ ಮಾನಿಟರಿನ ಮೆನು ಒಳಗೆ ಇರುತ್ತದೆ. "ಹೆಚ್ಚು ಬಳಸೇ ಇಲ್ಲ" ಅಂತ ಅವರು ಹೇಳಿದ ಮೇಲೆ ಅದನ್ನು ತೆರೆದು ನೋಡಿ, ಆಮೇಲೆ ಬೆಲೆ ಮಾತಾಡಿ.